ಬರೆದದ್ದು ಯಾರಿಗಾಗಿ? ಬೇಗೂರಿನ ಕಲ್ಲೂ ನಮ್ಮ ಮನೆಗಳ ಲೇಖನಿಯೂ

ಬೆಂಗಳೂರಿನ ದಕ್ಷಿಣದಲ್ಲಿ, ಹೊಸೂರು ರಸ್ತೆಗೂ ಬನ್ನೇರುಘಟ್ಟ ರಸ್ತೆಗೂ ನಡುವೆ ಬೇಗೂರು ಎಂಬ ಊರಿದೆ. ಇಂದು ಅಲ್ಲಿಗೆ ಹೋದವರಿಗೆ ಮೊದಲು ಕಾಣುವುದು ಬಹುಮಹಡಿ ವಸತಿಗಳು, ನೀರಿನ ಟ್ಯಾಂಕರುಗಳು, ಕೆರೆಯ ಬದಿಯ ವಾಹನ ಸಂದಣಿ. ಊರಿನ ಒಳಗೆ ನಾಗೇಶ್ವರ ದೇವಾಲಯವಿದೆ. ಅಲ್ಲಿ ದೊರೆತ ವೀರಗಲ್ಲೊಂದು ಸುಮಾರು ಕ್ರಿ.ಶ. 890ರ ಕಾಲದ್ದೆಂದು ವಿದ್ವಾಂಸರು ಗುರುತಿಸಿದ್ದಾರೆ. ಅದರ ಹಳಗನ್ನಡ ಬರಹದಲ್ಲಿ ಬೆಂಗಳೂರು ಕಾಳಗದ ಪ್ರಸ್ತಾಪವಿದೆ. ಈ ಮಹಾನಗರದ ಹೆಸರು ಅಕ್ಷರರೂಪದಲ್ಲಿ ನಮಗೆ ಸಿಗುವ ಅತ್ಯಂತ ಹಳೆಯ ದಾಖಲೆಗಳಲ್ಲಿ ಅದೂ ಒಂದು. ಹೊಯ್ಸಳ ಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಕಥೆ ಸೊಗಸಾಗಿದೆ; ಆದರೆ ಬೇಗೂರಿನ ಕಲ್ಲು ಆ ಅರಸನಿಗಿಂತ ಶತಮಾನಗಳಷ್ಟು ಹಳೆಯದು.

ಅದೇ ಬೇಗೂರಿನ ಇನ್ನೊಂದು ದೊಡ್ಡ ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಬಿಲ್ಲಾಳುಗಳ ನಡುವೆ ಕಾದಾಡುವ ಯೋಧನನ್ನು ಅದರಲ್ಲಿ ಕೆತ್ತಲಾಗಿದೆ. ಗಂಗ ದೊರೆ ಎರೆಯಪ್ಪನ ಕಾಲದಲ್ಲಿ ತುಂಬೆಪಾಡಿ ಎಂಬಲ್ಲಿ ಕಾದಿ ಮಡಿದ ನಾಗತ್ತರನ ನೆನಪು ಅದು. ಆ ಕಾಲದಲ್ಲಿ ಬೇಗೂರನ್ನು ಬೆಂಪೂರು ಎನ್ನುತ್ತಿದ್ದರು. ಅದು ಹನ್ನೆರಡು ಹಳ್ಳಿಗಳ ಒಂದು ನಾಡಿನ ಕೇಂದ್ರವಾಗಿತ್ತು.

ಈ ಕಲ್ಲುಗಳನ್ನು ನಮ್ಮ ಕುಟುಂಬಗಳ ಮುಂದೆ ಇಟ್ಟು ಮಾತನಾಡಲು ಕಾರಣವಿದೆ. ವೀರಗಲ್ಲನ್ನು ಯಾರೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದಿಲ್ಲ. ಜನ ಓಡಾಡುವ ದಾರಿಯಲ್ಲಿ, ಕೆರೆಯ ಬಳಿ, ಗುಡಿಯ ಮುಂದೆ ನಿಲ್ಲಿಸುತ್ತಾರೆ. ಓದುಬಲ್ಲವನು ಓದಲಿ, ಓದಲಾರದವನು ಚಿತ್ರ ನೋಡಲಿ ಎಂಬುದು ಅದನ್ನು ನೆಟ್ಟವರ ಆಶಯ. ಮನುಷ್ಯನಿಗೆ ತನ್ನೊಳಗಿನ ಮಾತನ್ನು ಅಕ್ಷರಕ್ಕಿಳಿಸುವ ಹಂಬಲ ಎಷ್ಟು ಹಳೆಯದೋ, ಆ ಅಕ್ಷರವನ್ನು ಇನ್ನೊಬ್ಬರ ಕಣ್ಣಿಗೆ ಬೀಳಿಸುವ ಹಂಬಲವೂ ಅಷ್ಟೇ ಹಳೆಯದು.

ಇಂದು ಬೇಗೂರು, ಬಿ.ಟಿ.ಎಂ. ಬಡಾವಣೆ, ಜೆ.ಪಿ. ನಗರ, ಬನಶಂಕರಿ ಭಾಗಗಳಲ್ಲಿ ನೆಲೆಸಿರುವ ನಮ್ಮ ಸಮುದಾಯದ ಮನೆಗಳಲ್ಲಿ ಕೆಲವರು ದಖನಿ ಉರ್ದು ಮಾತನಾಡುತ್ತಾರೆ, ಕೆಲವರು ಬ್ಯಾರಿ, ಕೆಲವರು ನವಾಯತಿ, ಕೆಲವರು ಮಲಯಾಳಂ. ಮಕ್ಕಳು ಕನ್ನಡವನ್ನು ಶಾಲೆಯಲ್ಲಿ ಕಲಿಯುತ್ತಾರೆ, ಬೀದಿಯಲ್ಲಿ ಬಳಸುತ್ತಾರೆ. ಈ ಮನೆಗಳಲ್ಲಿ ಕಥೆ ಕವನ ಬರೆಯುವ ಹುಡುಗ ಹುಡುಗಿಯರು ನಾವು ಭಾವಿಸುವುದಕ್ಕಿಂತ ಹೆಚ್ಚಿದ್ದಾರೆ. ಆದರೆ ಅವರ ನೋಟ್‌ಬುಕ್ಕುಗಳು ಬಟ್ಟೆಗಳ ಅಡಿಯಲ್ಲಿ ಅವಿತಿರುತ್ತವೆ. ಬರೆಯುವುದು ತಪ್ಪೇ, ಬರೆದದ್ದನ್ನು ನಾಲ್ಕು ಜನರ ಮುಂದಿಡುವುದು ಪ್ರದರ್ಶನವೇ ಎಂಬ ಅಳುಕು ಅವರನ್ನು ಕಾಡುತ್ತದೆ. ಹಿರಿಯರಲ್ಲಿ ಕೆಲವರು ಆ ಅಳುಕನ್ನು ಇನ್ನಷ್ಟು ಗಟ್ಟಿಗೊಳಿಸುತ್ತಾರೆ. ಆದ್ದರಿಂದ ಇತಿಹಾಸ ಏನು ಹೇಳುತ್ತದೆಂದು ಸ್ವಲ್ಪ ನೋಡುವುದು ಅಗತ್ಯವೆಂದು ನಮಗೆ ಅನಿಸಿತು.

ಹಿರಿಯರು ಮೊದಲು ಎತ್ತುವುದು ಪವಿತ್ರ ಕುರ್‌ಆನಿನ 26ನೇ ಅಧ್ಯಾಯದ ಮಾತು. ಅಶ್ಶುಅರಾ, ಅಂದರೆ 'ಕವಿಗಳು' ಎಂಬುದೇ ಆ ಅಧ್ಯಾಯದ ಹೆಸರು. ಅದರ ಕೊನೆಯಲ್ಲಿ ಎಲ್ಲ ಕಣಿವೆಗಳಲ್ಲಿ ಅಲೆಯುವ, ಆಡಿದ್ದನ್ನು ಮಾಡದ ಕವಿಗಳ ಬಗ್ಗೆ ಕಟುವಾದ ನುಡಿಯಿದೆ. ಇಷ್ಟನ್ನು ಹೇಳಿ ನಿಲ್ಲಿಸುವವರು ಅದರ ಬೆನ್ನಿಗೇ ಇರುವ ಕೊನೆಯ ವಚನವನ್ನು ಮರೆಯುತ್ತಾರೆ. ವಿಶ್ವಾಸವಿಟ್ಟು ಸತ್ಕರ್ಮ ಮಾಡುವ, ಅಲ್ಲಾಹನನ್ನು ಬಹಳವಾಗಿ ಸ್ಮರಿಸುವ, ಅನ್ಯಾಯಕ್ಕೊಳಗಾದಾಗ ಪ್ರತಿರೋಧ ತೋರುವ ಕವಿಗಳನ್ನು ಅಲ್ಲಿ ಆ ಟೀಕೆಯಿಂದ ಸ್ಪಷ್ಟವಾಗಿ ಹೊರಗಿಡಲಾಗಿದೆ. ಖಂಡನೆಗೆ ಗುರಿಯಾದದ್ದು ಕಾವ್ಯದ ಪೊಳ್ಳುತನ. ಕಾವ್ಯವೇ ಗುರಿಯಾಗಿದ್ದರೆ ಈ ವಿನಾಯಿತಿಗೆ ಅರ್ಥವಿರುತ್ತಿರಲಿಲ್ಲ. ಅಲ್ಲದೆ ಮೊಟ್ಟಮೊದಲ ದಿವ್ಯವಾಣಿ ಓದುವ ಆಜ್ಞೆಯಿಂದ ಆರಂಭವಾಗಿ, ಲೇಖನಿಯ ಮೂಲಕ ಕಲಿಸಿದ ಪ್ರಭುವನ್ನು ಸ್ಮರಿಸುತ್ತದೆ. 68ನೇ ಅಧ್ಯಾಯ ಲೇಖನಿಯ ಮೇಲಿನ ಆಣೆಯಿಂದಲೇ ಪ್ರಾರಂಭವಾಗುತ್ತದೆ.

ಪ್ರವಾದಿ ಮುಹಮ್ಮದ್(ಸ)ರ ಮದೀನದ ಮಸೀದಿಯಲ್ಲಿ ಕವಿ ಹಸ್ಸಾನ್ ಬಿನ್ ಸಾಬಿತ್(ರ)ರಿಗೆ ಮಿಂಬರ್ ಇಡಲಾಗುತ್ತಿತ್ತೆಂದೂ, ಅವರು ಅದರ ಮೇಲೆ ನಿಂತು ಪ್ರವಾದಿಯವರ ಪರವಾಗಿ ಕವನ ಹೇಳುತ್ತಿದ್ದರೆಂದೂ ಹಝ್ರತ್ ಆಯಿಶಾ(ರ) ಅವರ ವರದಿಯಿದೆ. ಇದೇ ಹಸ್ಸಾನ್, ಆಯಿಶಾ(ರ) ಅವರ ಮೇಲಿನ ಅಪವಾದದ ಪ್ರಕರಣದಲ್ಲಿ ತಪ್ಪು ಮಾಡಿದ್ದರು. ಆದರೂ ತಮ್ಮ ಸೋದರಳಿಯ ಉರ್ವಾ ಅವರು ಹಸ್ಸಾನರನ್ನು ಬೈಯಲು ತೊಡಗಿದಾಗ, ಪ್ರವಾದಿಯವರ ಪರ ನಿಂತವರನ್ನು ಹಾಗೆ ಅನ್ನಬಾರದೆಂದು ಆಯಿಶಾ(ರ) ತಡೆದರು. ಬರೆಯುವವನ ಒಂದು ತಪ್ಪಿನಿಂದ ಅವನ ಎಲ್ಲ ಕೆಲಸವನ್ನೂ ಅಳಿಸಿಹಾಕದ ಆ ಹೃದಯವೈಶಾಲ್ಯ ಗಮನಾರ್ಹ.

ಕಅಬ್ ಬಿನ್ ಝುಹೈರ್ ಎಂಬ ಕವಿಯ ಪ್ರಸಂಗ ಬಹಳ ಮಂದಿಗೆ ಗೊತ್ತಿದೆ. ಪ್ರವಾದಿಯವರನ್ನು ನಿಂದಿಸಿ ಕವನ ಕಟ್ಟಿದ್ದ ಆತ ಕೊನೆಗೆ ಮದೀನಕ್ಕೆ ಬಂದು, ಶರಣಾಗಿ, ಹೊಸ ಕವನವೊಂದನ್ನು ಅವರ ಮುಂದೆಯೇ ಹೇಳಿದ. ಅವನಿಗೆ ಸಿಕ್ಕಿದ್ದು ಕ್ಷಮೆ ಮತ್ತು ಪ್ರವಾದಿಯವರ ಹೆಗಲ ಮೇಲಿನ ಹೊದಿಕೆ. ಖನ್ಸಾ(ರ) ಎಂಬ ಕವಯಿತ್ರಿ ತೀರಿಹೋದ ತನ್ನ ಸಹೋದರರಿಗಾಗಿ ಶೋಕಗೀತೆಗಳನ್ನು ಬರೆದವರು. ಅವರು ಕವನ ಹೇಳುತ್ತಿದ್ದಾಗ ಪ್ರವಾದಿಯವರು ಮೆಚ್ಚಿ, ಇನ್ನೂ ಹೇಳು ಎಂದು ಕೇಳುತ್ತಿದ್ದರೆಂದು ಚರಿತ್ರಕಾರರು ದಾಖಲಿಸಿದ್ದಾರೆ. ಒಬ್ಬ ಹೆಣ್ಣುಮಗಳು ತನ್ನ ಮನೆಯ ದುಃಖವನ್ನು ಕವಿತೆಯಾಗಿಸಿದ್ದನ್ನು ಕೇಳಲು ಅಲ್ಲಾಹನ ಸಂದೇಶವಾಹಕರಿಗೆ ವೇಳೆಯಿತ್ತು.

ಆಮೇಲಿನ ಶತಮಾನಗಳಲ್ಲಿ ಮುದ್ರಣಯಂತ್ರವಿರಲಿಲ್ಲ. ಗ್ರಂಥ ಪ್ರಕಟವಾಗುತ್ತಿದ್ದುದು ಬಾಯಿಂದ ಕಿವಿಗೆ. ಲೇಖಕ ಅಥವಾ ಅವನ ಶಿಷ್ಯ ಮಸೀದಿಯ ಕಂಬಕ್ಕೆ ಒರಗಿ ಕುಳಿತು ಓದುತ್ತಿದ್ದ. ಸುತ್ತ ಕುಳಿತವರು ಬರೆದುಕೊಳ್ಳುತ್ತಿದ್ದರು. ಓದು ಮುಗಿದಾಗ ಹಸ್ತಪ್ರತಿಯ ಕೊನೆಯಲ್ಲಿ ಯಾರು ಯಾರು ಕೇಳಿದರೆಂಬ ಪಟ್ಟಿ ಬರೆಯುವ ಪದ್ಧತಿ ಬೆಳೆಯಿತು. ಅದನ್ನು ಸಮಾಅ್ ಎನ್ನುತ್ತಾರೆ. ದಮಾಸ್ಕಸ್ಸಿನ ಅಂಥ ಪಟ್ಟಿಗಳಲ್ಲಿ ವಿದ್ವಾಂಸರ ಜೊತೆಗೆ ಸಾಮಾನ್ಯ ಕಸುಬುದಾರರ, ಹೆಂಗಸರ, ಚಿಕ್ಕ ಮಕ್ಕಳ ಹೆಸರುಗಳೂ ಸಿಗುತ್ತವೆ. ನಮ್ಮ ಹಿಂದಿನವರಿಗೆ ಬರಹ ಎಂದರೆ ಕೂಡಿ ಕುಳಿತು ಹಂಚಿಕೊಳ್ಳುವ ಸಂಗತಿಯಾಗಿತ್ತು.

ಹಾಗೆಂದು ಹಿರಿಯರ ಎರಡನೆಯ ಆತಂಕವನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಅದು ರಿಯಾ, ಅಂದರೆ ತೋರಿಕೆ. ಬರೆದವನಿಗೆ ಹೊಗಳಿಕೆಯ ರುಚಿ ಹತ್ತಿದರೆ ಮುಂದೆ ಅವನು ಬರೆಯುವುದೆಲ್ಲ ಹೊಗಳಿಕೆಗಾಗಿಯೇ ಆಗಬಹುದು. ಕರ್ಮಗಳು ಉದ್ದೇಶವನ್ನು ಅವಲಂಬಿಸಿವೆ ಎಂಬ ಹದೀಸನ್ನು ಮಗುವಾಗಿದ್ದಾಗಲೇ ಕಲಿತ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಇಕ್ಕಟ್ಟನ್ನು ಇಮಾಮ್ ಗಝ್ಝಾಲಿಯವರಷ್ಟು ಪ್ರಾಮಾಣಿಕವಾಗಿ ಎದುರಿಸಿದವರು ಕಡಿಮೆ. ಬಗ್ದಾದಿನ ನಿಝಾಮಿಯಾದಲ್ಲಿ ಅವರು ತಮ್ಮ ಕಾಲದ ಅತ್ಯಂತ ಪ್ರಸಿದ್ಧ ಅಧ್ಯಾಪಕರಾಗಿದ್ದರು. 1095ರಲ್ಲಿ ತಮ್ಮ ಅಂತರಂಗವನ್ನು ಪರಿಶೀಲಿಸಿಕೊಂಡಾಗ, ತಾವು ಬೋಧಿಸುತ್ತಿರುವುದು ಅಲ್ಲಾಹನಿಗಾಗಿ ಅಲ್ಲ, ಪದವಿ ಮತ್ತು ಕೀರ್ತಿಗಾಗಿ ಎಂದು ಅವರಿಗೆ ಅರಿವಾಯಿತು. ತಿಂಗಳುಗಟ್ಟಲೆ ತೊಳಲಾಡಿದರು, ಮಾತೇ ಹೊರಡದಂಥ ಸ್ಥಿತಿ ಬಂತು. ಕೊನೆಗೆ ಎಲ್ಲವನ್ನೂ ಬಿಟ್ಟು ಹೊರಟರು. ತಮ್ಮ ಆತ್ಮಕಥನದಲ್ಲಿ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಅವರೇ ದಾಖಲಿಸಿದ್ದಾರೆ.

ಆದರೆ ಗಝ್ಝಾಲಿಯವರ ಕಥೆಯನ್ನು ಇಲ್ಲಿಗೆ ನಿಲ್ಲಿಸಬಾರದು. ಅವರು ಲೇಖನಿಯನ್ನು ಕೆಳಗಿಡಲಿಲ್ಲ. ಆ ಅಜ್ಞಾತವಾಸದ ವರ್ಷಗಳಲ್ಲೇ 'ಇಹ್ಯಾ ಉಲೂಮುದ್ದೀನ್' ರೂಪುಗೊಂಡಿತು. 1106ರಲ್ಲಿ ನೀಶಾಪುರದಲ್ಲಿ ಮತ್ತೆ ಪಾಠಕ್ಕೆ ಕುಳಿತರು. ಹೊರಗಿನಿಂದ ನೋಡಿದರೆ ಹಳೆಯ ಕೆಲಸಕ್ಕೇ ಮರಳಿದಂತೆ ಕಾಣುತ್ತದೆ. ಆದರೆ ತಾನು ಮರಳಿಲ್ಲ, ಹಿಂದೆ ಕಲಿಸಿದ್ದು ಪದವಿ ಗಳಿಸುವ ವಿದ್ಯೆ, ಈಗ ಕಲಿಸುವುದು ಪದವಿಯನ್ನು ತೊರೆಯುವ ವಿದ್ಯೆ ಎಂಬ ಅರ್ಥದಲ್ಲಿ ಅವರು ಬರೆದರು. ನಿಯ್ಯತ್ ಕೆಟ್ಟಿದೆ ಎಂದು ಅರಿತ ಮನುಷ್ಯ ನಿಯ್ಯತ್ತನ್ನು ಸರಿಪಡಿಸಿಕೊಂಡ, ಕೆಲಸವನ್ನು ಕೈಬಿಡಲಿಲ್ಲ.

ಅವರಿಗಿಂತ ಸ್ವಲ್ಪ ಮುಂಚೆ, 1058ರಲ್ಲಿ ಬಗ್ದಾದಿನಲ್ಲೇ ತೀರಿಕೊಂಡ ಅಲ್‌ಮಾವರ್ದಿಯವರ ಬಗ್ಗೆ ಒಂದು ಕಥೆ ಪ್ರಚಲಿತವಾಗಿದೆ. ಅವರು ತಮ್ಮ ಗ್ರಂಥಗಳನ್ನು ಜೀವಿತಕಾಲದಲ್ಲಿ ಹೊರಗೆ ಬಿಡಲಿಲ್ಲವಂತೆ. ಮರಣ ಸಮೀಪಿಸಿದಾಗ ನಂಬಿಕಸ್ಥನೊಬ್ಬನನ್ನು ಕರೆದು, ನನ್ನ ಪ್ರಾಣ ಹೋಗುವ ಹೊತ್ತಿಗೆ ನಿನ್ನ ಕೈಯನ್ನು ನನ್ನ ಕೈಯಲ್ಲಿಡು, ನಾನು ಅದನ್ನು ಬಿಗಿಯಾಗಿ ಹಿಡಿದರೆ ನನ್ನ ಯಾವ ಬರಹವೂ ಸ್ವೀಕೃತವಾಗಿಲ್ಲವೆಂದು ತಿಳಿದು ಎಲ್ಲವನ್ನೂ ರಾತ್ರಿ ಟೈಗ್ರಿಸ್ ನದಿಗೆ ಎಸೆ, ಕೈ ಬಿಚ್ಚಿದರೆ ಸ್ವೀಕೃತವಾಗಿದೆಯೆಂದು ತಿಳಿ ಎಂದರಂತೆ. ಆ ಕ್ಷಣದಲ್ಲಿ ಕೈ ಬಿಚ್ಚಿಕೊಂಡಿತು, ಗ್ರಂಥಗಳು ಜನರಿಗೆ ದೊರೆತವು ಎನ್ನುತ್ತದೆ ಕಥೆ. ಇದರಲ್ಲಿ ಇತಿಹಾಸವೆಷ್ಟು, ಭಕ್ತರ ಕಲ್ಪನೆಯೆಷ್ಟು ಎಂಬ ಚರ್ಚೆಯನ್ನು ಬದಿಗಿಡೋಣ. ಬರೆದದ್ದನ್ನು ಜನರ ಮುಂದಿಡುವ ಮೊದಲು ಮುಸ್ಲಿಮನೊಬ್ಬನ ಮನಸ್ಸಿನಲ್ಲಿ ನಡೆಯುವ ಹೊಯ್ದಾಟವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಕಥೆ ನಮಗೆ ಗೊತ್ತಿಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ಶಿಶುನಾಳ ಶರೀಫರು 1819ರಲ್ಲಿ ಇಂದಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದಲ್ಲಿ ಹುಟ್ಟಿದರು, 1889ರಲ್ಲಿ ತೀರಿಕೊಂಡರು. ಕೆಲಕಾಲ ಶಾಲಾ ಶಿಕ್ಷಕರಾಗಿದ್ದರು. ಕಳಸದ ಗೋವಿಂದಭಟ್ಟರು ಅವರ ಗುರು. ಅವರು ಪುಸ್ತಕ ಅಚ್ಚು ಹಾಕಿಸಿದವರಲ್ಲ. ಪದ ಕಟ್ಟಿದರು, ಹಾಡಿದರು, ಕೇಳಿದವರು ಕಲಿತರು. ಸಂಗ್ರಹಗಳು ಬಂದದ್ದು ನಂತರ. ಅವರು ತೀರಿಕೊಂಡು ನೂರು ವರ್ಷವಾಗುವ ಹೊತ್ತಿಗೆ ಸಿ. ಅಶ್ವತ್ಥರ ದನಿಯಲ್ಲಿ ಆ ಪದಗಳು ಕರ್ನಾಟಕದ ಮೂಲೆಮೂಲೆಗೂ ತಲುಪಿದವು. 1990ರಲ್ಲಿ ನಾಗಾಭರಣರ ಚಲನಚಿತ್ರವೂ ಬಂತು. ಉತ್ತರ ಕರ್ನಾಟಕದ ಮೊಹರಂ ಸಂದರ್ಭದಲ್ಲಿ ಹಾಡುವ ರಿವಾಯತ್ ಪದಗಳೂ ಹೀಗೆಯೇ ಬಾಯಿಂದ ಬಾಯಿಗೆ ಬಂದವು. ಕ್ರಿ.ಶ. 680ರ ಕರ್ಬಲಾ ದುರಂತ ಅಲ್ಲಿ ಅಪ್ಪಟ ಕನ್ನಡದಲ್ಲಿ, ಹಳ್ಳಿಯ ಕನ್ನಡದಲ್ಲಿ ಹಾಡಾಗಿದೆ. ಹಾಡುವವರಲ್ಲಿ ಮುಸ್ಲಿಮೇತರರೂ ಬಹಳ. ರಹಮತ್ ತರೀಕೆರೆಯವರು ಕರ್ನಾಟಕದ ಮೊಹರಂ ಬಗ್ಗೆ ವಿವರವಾದ ಅಧ್ಯಯನ ಮಾಡಿದ್ದಾರೆ. ಆ ಆಚರಣೆಗಳ ಕುರಿತು ಉಲಮಾಗಳಿಗಿರುವ ಆಕ್ಷೇಪ ಬೇರೆಯೇ ವಿಷಯ. ಇಲ್ಲಿ ನಾವು ಹೇಳುತ್ತಿರುವುದು ಭಾಷೆಯ ಬಗ್ಗೆ. ಕನ್ನಡ ನಮಗೆ ಪರಕೀಯ ಎನ್ನುವವರು ಒಮ್ಮೆ ಆ ಪದಗಳನ್ನು ಕೇಳಬೇಕು.

ದಕ್ಷಿಣ ಬೆಂಗಳೂರಿನವರಿಗೆ ಕೆ.ಎಸ್. ನಿಸಾರ್ ಅಹಮದ್ ಅವರ ಹೆಸರು ಹೊಸದಲ್ಲ. 1936ರ ಫೆಬ್ರವರಿ 5ರಂದು ದೇವನಹಳ್ಳಿಯಲ್ಲಿ ಹುಟ್ಟಿದ ಅವರು ಕಲಿತದ್ದು, ಕಲಿಸಿದ್ದು ಭೂವಿಜ್ಞಾನ. ಕಲ್ಲುಗಳ ವಿದ್ಯೆ ಬಲ್ಲ ಮನುಷ್ಯ ಕವಿಯಾದದ್ದು ಒಂದು ಸೋಜಿಗ. 1960ರಲ್ಲಿ ಬಂದ ಮೊದಲ ಸಂಕಲನಕ್ಕೆ ಅವರು ಇಟ್ಟ ಹೆಸರು 'ಮನಸು ಗಾಂಧಿಬಜಾರು'. ಬಸವನಗುಡಿಯ ಆ ಬೀದಿ ನಮ್ಮ ಓದುಗರಲ್ಲಿ ಹಲವರಿಗೆ ತರಕಾರಿ, ಹೂವು, ಹಬ್ಬದ ಖರೀದಿಯ ಬೀದಿ. ಮನಸ್ಸನ್ನು ಬಜಾರಿಗೆ ಹೋಲಿಸಿದ ಕವಿ ಆ ಬಜಾರಿನಲ್ಲೇ ಓಡಾಡಿ ಬೆಳೆದವರು. ಅವರ ನಿತ್ಯೋತ್ಸವದ ಹಾಡುಗಳು ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ 1978ರಲ್ಲಿ ಧ್ವನಿಸುರುಳಿಯಾಗಿ ಹೊರಬಂದವು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂಬ ಹೆಗ್ಗಳಿಕೆ ಅದರದು. ಕವನ ಸಂಕಲನವನ್ನು ಎಂದೂ ಕೊಳ್ಳದ, ಗ್ರಂಥಾಲಯದ ಮೆಟ್ಟಿಲು ಹತ್ತದ ಸಾವಿರಾರು ಮನೆಗಳಿಗೆ ಆ ಸಾಲುಗಳು ಟೇಪ್ ರೆಕಾರ್ಡರಿನ ಮೂಲಕ ಪ್ರವೇಶಿಸಿದವು. ರಾಜ್ಯೋತ್ಸವದ ದಿನ ಶಾಲೆಯ ಮಕ್ಕಳು ಅದನ್ನು ಹಾಡುವಾಗ ಬರೆದವರು ಯಾರೆಂದು ಎಷ್ಟೋ ಮಕ್ಕಳಿಗೆ ತಿಳಿದಿರುವುದಿಲ್ಲ. ಕವಿಗೆ ಇದಕ್ಕಿಂತ ದೊಡ್ಡ ತೃಪ್ತಿ ಇರಬಹುದೇ ಎಂದು ನಮಗೆ ಅನೇಕ ಬಾರಿ ಅನಿಸಿದೆ. ರಿಯಾದ ಭಯವಿರುವವರೂ ಇದನ್ನು ಯೋಚಿಸಬೇಕು: ಹೆಸರು ಕಳಚಿಕೊಂಡು ಮಾತು ಮಾತ್ರ ಉಳಿಯುವುದೂ ಒಂದು ಬಗೆಯ ಇಖ್ಲಾಸ್. ಶಿವಮೊಗ್ಗದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 2008ರ ಪದ್ಮಶ್ರೀ, 2017ರ ಪಂಪ ಪ್ರಶಸ್ತಿ ಎಲ್ಲ ಅವರಿಗೆ ಬಂದವು. 2020ರ ಮೇ 3ರಂದು, ಲಾಕ್‌ಡೌನಿನ ರಮಝಾನ್ ದಿನಗಳಲ್ಲಿ, ಅವರು ಬೆಂಗಳೂರಿನಲ್ಲಿ ಕಣ್ಮುಚ್ಚಿದರು.

ನಿಸಾರ್ ಅವರ ಕವಿತೆಯನ್ನು ನಾಡು ಸಂಭ್ರಮಿಸಿತು. ಆದರೆ ಮುಸ್ಲಿಂ ಮನೆಯ ಒಳಗಿನ ಬದುಕು ಕನ್ನಡ ಕಥೆಗೆ ಬರುವುದು ಬೇರೆಯೇ ಮಾತಾಗಿತ್ತು. ಪುತ್ತೂರಿನ ಕಡೆಯ ಬೊಳುವಾರು ಮಹಮದ್ ಕುಂಞಿಯವರು ಬ್ಯಾಂಕ್ ನೌಕರಿ ಮಾಡುತ್ತಲೇ ಮುತ್ತುಪ್ಪಾಡಿ ಎಂಬ ಕಾಲ್ಪನಿಕ ಹಳ್ಳಿಯನ್ನು ಕಟ್ಟಿದರು. 2016ರಲ್ಲಿ 'ಸ್ವಾತಂತ್ರ್ಯದ ಓಟ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪ್ರವಾದಿಯವರ ಬದುಕನ್ನು ಆಧರಿಸಿ ಅವರು ಬರೆದ ಕಾದಂಬರಿಯ ಹೆಸರು 'ಓದಿರಿ'. ಮೊದಲ ದಿವ್ಯವಾಣಿಯ ನೆನಪು ಆ ಹೆಸರಿನಲ್ಲೇ ಇದೆ.

ಸಾರಾ ಅಬೂಬಕ್ಕರ್ ಅವರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. 1936ರಲ್ಲಿ ಕಾಸರಗೋಡಿನ ಚಂದ್ರಗಿರಿ ನದಿಯ ಸೀಮೆಯಲ್ಲಿ ಹುಟ್ಟಿದ ಅವರು, ಆ ಭಾಗದಲ್ಲಿ ಶಾಲೆಗೆ ಹೋಗಿ ಕಲಿತ ಮೊದಲ ಮುಸ್ಲಿಂ ಹೆಣ್ಣುಮಕ್ಕಳಲ್ಲಿ ಒಬ್ಬರು. ಮುಂದೆ ಓದುವ ಆಸೆಯಿತ್ತು; ಸಮುದಾಯದ ಕಟ್ಟುಪಾಡು ಬಿಡಲಿಲ್ಲ. ಗ್ರಂಥಾಲಯವೊಂದರ ಸದಸ್ಯತ್ವ ಸಿಕ್ಕಿದ್ದೇ 1963ರಲ್ಲಿ. ಒಂದು ಪುಸ್ತಕವನ್ನು ಮನೆಗೆ ತರುವುದಕ್ಕೆ ಒಬ್ಬ ಹೆಣ್ಣುಮಗಳು ಇಪ್ಪತ್ತೇಳು ವರ್ಷದವಳಾಗುವವರೆಗೆ ಕಾಯಬೇಕಾಯಿತು. 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಅವರ ಮೊದಲ ಲೇಖನ ಬಂದಾಗ ಅವರಿಗೆ ನಲವತ್ತೈದರ ಆಸುಪಾಸು. ಆಮೇಲೆ ಅದೇ ವಾರಪತ್ರಿಕೆಯಲ್ಲಿ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಹರಿದು ಬಂತು. ತಡವಾಯಿತು, ಮಕ್ಕಳು ಬೆಳೆದರು, ಇನ್ನೇನು ಬರೆಯುವುದು ಎನ್ನುವ ನಮ್ಮ ಸಹೋದರಿಯರು ಈ ವರ್ಷಗಳನ್ನು ಲೆಕ್ಕ ಹಾಕಿ ನೋಡಲಿ.

ಆ ಕಾದಂಬರಿಯ ನಾದಿರಾ ಗಂಡ ರಶೀದನೊಡನೆ ಸುಖವಾಗಿದ್ದವಳು. ತಂದೆಯ ಹಟದಿಂದ ತಲಾಕ್ ಆಗುತ್ತದೆ. ಮತ್ತೆ ಒಂದಾಗಬೇಕೆಂದರೆ ನಡುವೆ ಬೇರೊಬ್ಬನೊಡನೆ ಒಂದು ರಾತ್ರಿಯ ಮದುವೆ ಆಗಬೇಕೆಂದು ಊರವರು ಹೇಳುತ್ತಾರೆ. ಅದನ್ನು ತಾಳಲಾರದೆ ಅವಳು ಮಸೀದಿಯ ಕೊಳದಲ್ಲಿ ಪ್ರಾಣ ಕಳೆದುಕೊಳ್ಳುತ್ತಾಳೆ. ಇದು ಪ್ರಕಟವಾದಾಗ ಸಮುದಾಯದಲ್ಲಿ ಆಕ್ರೋಶ ಎದ್ದಿತು. ಧರ್ಮವನ್ನು ಅವಮಾನಿಸಿದ್ದಾರೆಂದರು, ಮನೆಯ ಮಾತನ್ನು ಬೀದಿಗೆ ತಂದರೆಂದರು.

ಇಲ್ಲಿ ನಾವು ಒಂದು ಕಹಿ ಸತ್ಯವನ್ನು ಒಪ್ಪಿಕೊಳ್ಳಬೇಕು. ಹಾಗೆ ಮೊದಲೇ ಗೊತ್ತುಮಾಡಿಕೊಂಡು ನಡೆಸುವ ಒಂದು ರಾತ್ರಿಯ ಮದುವೆಯನ್ನು ಪ್ರವಾದಿ(ಸ)ರು ಶಪಿಸಿದ್ದಾರೆ. ಮಾಡುವವನನ್ನೂ ಮಾಡಿಸಿಕೊಳ್ಳುವವನನ್ನೂ ಶಪಿಸಿದ ಹದೀಸ್ ನಮ್ಮ ಗ್ರಂಥಗಳಲ್ಲಿದೆ. ಅಂದರೆ ಕಾದಂಬರಿಕಾರ್ತಿ ಯಾವುದನ್ನು ಕಂಡು ಮರುಗಿದರೋ ಅದು ಶರೀಅತ್ ಶಪಿಸಿದ ಸಂಗತಿಯೇ. ಕೋಪಗೊಳ್ಳಬೇಕಾಗಿದ್ದುದು ಆ ಪದ್ಧತಿಯ ಮೇಲೆ; ನಾವು ಕೋಪಗೊಂಡದ್ದು ಬರೆದ ಹೆಣ್ಣಿನ ಮೇಲೆ. ಒಂದೇ ಉಸಿರಿನ ಮೂರು ತಲಾಕಿನ ಪ್ರಶ್ನೆ 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪಾಗಿ, 2019ರಲ್ಲಿ ಕಾನೂನಾಗಿ ಬಂದಾಗ ನಮ್ಮಲ್ಲಿ ಅನೇಕರು, ಹೊರಗಿನವರು ನಮ್ಮ ವಿಷಯದಲ್ಲಿ ಕೈಹಾಕಿದರೆಂದು ನೊಂದುಕೊಂಡರು. ಆ ನೋವಿಗೆ ಕಾರಣಗಳಿವೆ, ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೆ ಮೂವತ್ತಕ್ಕೂ ಹೆಚ್ಚು ವರ್ಷ ಮುಂಚೆ ಒಳಗಿನವಳೇ ಒಬ್ಬಳು, ನಮ್ಮದೇ ಮನೆಯ ಭಾಷೆ ಬಲ್ಲವಳು, ಕಥೆಯ ರೂಪದಲ್ಲಿ ಮೆತ್ತಗೆ ಹೇಳಿದ್ದಳು. ಅಂದು ಕಿವಿಗೊಟ್ಟಿದ್ದರೆ ಮಹಲ್ಲುಗಳಲ್ಲೇ ಸರಿಪಡಿಸಿಕೊಳ್ಳಬಹುದಾದದ್ದು ಎಷ್ಟೋ ಇತ್ತು.

ಸಾರಾ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ಮಲಯಾಳದಿಂದ ಕನ್ನಡಕ್ಕೆ ಅನುವಾದಗಳನ್ನೂ ಮಾಡಿದರು. 1994ರಲ್ಲಿ ಚಂದ್ರಗಿರಿ ಪ್ರಕಾಶನವೆಂಬ ತಮ್ಮದೇ ಸಂಸ್ಥೆಯನ್ನು ಕಟ್ಟಿಕೊಂಡರು. 2006ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ನೀಡಿತು. 2023ರ ಜನವರಿ 10ರಂದು ಮಂಗಳೂರಿನಲ್ಲಿ ನಿಧನರಾದರು.

ಹಾಸನದ ಬಾನು ಮುಷ್ತಾಕ್ ಅವರ ಹೆಸರು ಈಗ ಜಗತ್ತಿಗೇ ಗೊತ್ತಿದೆ. ಉರ್ದು ಮಾತನಾಡುವ ಮನೆಯ ಹುಡುಗಿ. ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಮಿಶನರಿ ಕನ್ನಡ ಶಾಲೆಗೆ ಸೇರಿಸುವಾಗ, ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕೆಂಬ ಷರತ್ತು ಹಾಕಿದ್ದರಂತೆ. ಕೆಲವೇ ದಿನಗಳಲ್ಲಿ ಬರೆಯತೊಡಗಿದರು. ಮದುವೆಯ ನಂತರ, ಇಪ್ಪತ್ತಾರರ ವಯಸ್ಸಿನ ಹೊತ್ತಿಗೆ ಅವರ ಮೊದಲ ಕಥೆ 'ಪ್ರಜಾಮತ'ದಲ್ಲಿ ಬಂತು. ಆಮೇಲೆ ವರದಿಗಾರ್ತಿ, ವಕೀಲೆ, ಹೋರಾಟಗಾರ್ತಿ. 2000ದಲ್ಲಿ ಮಹಿಳೆಯರ ಮಸೀದಿ ಪ್ರವೇಶದ ಪರವಾಗಿ ಮಾತನಾಡಿದ್ದಕ್ಕೆ ಸಾಮಾಜಿಕ ಬಹಿಷ್ಕಾರವನ್ನೂ ಬೆದರಿಕೆಗಳನ್ನೂ ಎದುರಿಸಿದರು. ಅವರ ಎಲ್ಲ ಅಭಿಪ್ರಾಯಗಳಿಗೂ ನಮ್ಮ ಓದುಗರೆಲ್ಲರ ಸಹಮತ ಇರಬೇಕೆಂದಿಲ್ಲ. ನಮ್ಮಲ್ಲೇ ಈ ಕುರಿತು ಒಮ್ಮತವಿಲ್ಲ. ಆದರೆ ನಿಂದಿಸಿದ ಕವಿಗೆ ಹೊದಿಕೆ ಕೊಟ್ಟ ಪ್ರವಾದಿಯ ಅನುಯಾಯಿಗಳಿಗೆ ಬಹಿಷ್ಕಾರ ಒಪ್ಪುವ ನಡೆಯೇ? ಪ್ರವಾದಿಯವರು ತಮ್ಮ ಕಾಲದ ಮಹಿಳೆಯರನ್ನು ಮಸೀದಿಯಿಂದ ತಡೆಯಬೇಡಿ ಎಂದದ್ದೂ ಹದೀಸಿನಲ್ಲಿದೆ ಎಂಬುದನ್ನು ಆಗ ನೆನಪಿಸಿದವರು ಕಡಿಮೆ.

1990ರಿಂದ 2023ರವರೆಗೆ ಅವರು ಬರೆದ ಕಥೆಗಳಿಂದ ಹನ್ನೆರಡನ್ನು ಆರಿಸಿ ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದರು. 'ಹಾರ್ಟ್ ಲ್ಯಾಂಪ್' ಎಂಬ ಆ ಸಂಕಲನಕ್ಕೆ 2025ರ ಮೇ 20ರಂದು ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡ ಕೃತಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಸಣ್ಣಕಥೆಗಳ ಸಂಕಲನಕ್ಕೂ ಅದೇ ಮೊದಲು. ಐವತ್ತು ಸಾವಿರ ಪೌಂಡಿನ ಬಹುಮಾನವನ್ನು ಲೇಖಕಿ ಮತ್ತು ಅನುವಾದಕಿ ಸಮಾನವಾಗಿ ಹಂಚಿಕೊಳ್ಳುವುದು ಆ ಪ್ರಶಸ್ತಿಯ ನಿಯಮ. ಅಂದು ನಮ್ಮ ಅನೇಕ ಮನೆಗಳಲ್ಲಿ ಹೆಮ್ಮೆಪಟ್ಟರು. ಪ್ರಜಾಮತದ ಕಥೆಗೂ ಲಂಡನ್ನಿನ ವೇದಿಕೆಗೂ ನಡುವೆ ಸುಮಾರು ಅರ್ಧ ಶತಮಾನವಿತ್ತು. ಆ ದೀರ್ಘ ಅವಧಿಯನ್ನು ಪ್ರಶಸ್ತಿಯ ಗದ್ದಲದಲ್ಲಿ ಮರೆಯುವುದು ಸುಲಭ.

ಎಲ್ಲರೂ ಇವರಂತಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. 1978ರಿಂದ ಮಂಗಳೂರಿನಿಂದ ಹೊರಡುತ್ತಿರುವ 'ಸನ್ಮಾರ್ಗ' ವಾರಪತ್ರಿಕೆಯಲ್ಲಿ, 'ಅನುಪಮ' ಮಹಿಳಾ ಮಾಸಿಕದಲ್ಲಿ ಮೊದಲ ಕಥೆ, ಮೊದಲ ಕವನ ಪ್ರಕಟಿಸಿದ ಎಷ್ಟೋ ಮಂದಿ ನಮ್ಮ ನಡುವೆ ಇದ್ದಾರೆ. ಅವರಲ್ಲಿ ಹೆಚ್ಚಿನವರು ಆಮೇಲೆ ಪುಸ್ತಕ ತರಲಿಲ್ಲ. ಆದರೂ ಆ ಹಳೆಯ ಸಂಚಿಕೆಯನ್ನು ಕಪಾಟಿನಲ್ಲಿ ಜೋಪಾನ ಮಾಡಿದ್ದಾರೆ. ಅಂಥ ಒಬ್ಬ ಹಿರಿಯರು ನಮಗೆ ಅದನ್ನು ತೋರಿಸುವಾಗ ಮೊದಲು ಕೈ ತೊಳೆದುಕೊಂಡು ಬಂದರು.

ಈಗಿನ ಮಕ್ಕಳಿಗೆ ಸಂಪಾದಕರ ಅಂಚೆಪತ್ರಕ್ಕಾಗಿ ಕಾಯುವ ಸಂಕಟವಿಲ್ಲ. ಕೈಯಲ್ಲಿರುವ ಫೋನಿನಿಂದಲೇ ಬರಹ ಊರೆಲ್ಲ ತಲುಪುತ್ತದೆ. ಇದರಲ್ಲಿ ಅಪಾಯವೂ ಇದೆ. ನೆರೆಮನೆಯವರ ಗುಟ್ಟನ್ನು ಕಥೆಯೆಂದು ಹರಡಿದರೆ ಅದು ಗೀಬತ್ತೇ, ಹೆಸರು ಬದಲಿಸಿದ ಮಾತ್ರಕ್ಕೆ ಹಲಾಲ್ ಆಗುವುದಿಲ್ಲ. ಕೇಳಿದ್ದನ್ನೆಲ್ಲ ಪರಿಶೀಲಿಸದೆ ಹೇಳುವುದೇ ಒಬ್ಬ ಮನುಷ್ಯ ಸುಳ್ಳುಗಾರನಾಗಲು ಸಾಕು ಎಂಬರ್ಥದ ಹದೀಸನ್ನು ಬರೆಯುವವರು ಗೋಡೆಗೆ ಅಂಟಿಸಿಕೊಳ್ಳಬೇಕು. ಹಿಂದೆ ಸಂಪಾದಕರು ಮಾಡುತ್ತಿದ್ದ ಈ ಸೋಸುವ ಕೆಲಸವನ್ನು ಈಗ ಬರೆಯುವವರೇ ಮಾಡಿಕೊಳ್ಳಬೇಕಾಗಿದೆ. ಮನೆಯಲ್ಲಿ ಒಬ್ಬರಾದರೂ ಮೊದಲ ಓದುಗರಿದ್ದರೆ ಆ ಕೆಲಸ ಎಷ್ಟೋ ಹಗುರವಾಗುತ್ತದೆ. ಮಗಳು ಬರೆದದ್ದನ್ನು ತಂದೆ ಕದ್ದು ಓದಿ ಗದರುವುದಕ್ಕಿಂತ, ಓದಿ ಹೇಳು ಎಂದು ಕೇಳುವುದು ಒಳ್ಳೆಯದು.

ಬೇಗೂರಿನಲ್ಲಿ ನಮಗೆ ಪರಿಚಯವಿರುವ ಒಂದು ಮನೆಯಲ್ಲಿ ಈಗ ಹಾಗೊಂದು ರೂಢಿ ಬೆಳೆದಿದೆ. ಇಶಾ ನಮಾಝಿನ ನಂತರ, ಪಿ.ಯು.ಸಿ. ಓದುತ್ತಿರುವ ಹುಡುಗಿ ವಾರಕ್ಕೊಮ್ಮೆ ತಾನು ಬರೆದದ್ದನ್ನು ಗಟ್ಟಿಯಾಗಿ ಓದುತ್ತಾಳೆ. ದಾದಿಮಾಗೆ ಕನ್ನಡ ಅಕ್ಷರ ಬರುವುದಿಲ್ಲ, ಕೇಳಿದರೆ ಅರ್ಥವಾಗುತ್ತದೆ. ಕಳೆದ ತಿಂಗಳು ಅವಳು ಓದಿದ್ದು ದಾದಿಮಾರ ತವರಿನ ಬಾವಿಯ ಬಗ್ಗೆ. ನಡುವೆ ದಾದಿಮಾ ತಡೆದು, ಆ ಬಾವಿಯ ಹಗ್ಗ ತೆಂಗಿನ ನಾರಿನದಲ್ಲ, ಕತ್ತಾಳೆಯದು ಎಂದು ತಿದ್ದಿದರು. ಹುಡುಗಿ ಪೆನ್ನು ತೆಗೆದು ಅಲ್ಲೇ ತಿದ್ದಿಕೊಂಡಳು. ಮುಗಿದ ಮೇಲೆ ದಾದಿಮಾ, ಇನ್ನೂ ಇದೆಯೇ ಎಂದು ಕೇಳಿದರು.